ಹಳೆಯ ಎಲೆಕ್ಟ್ರಾನಿಕ್ಸ್‌ನ ಪುಟ್ಟ ಮ್ಯೂಸಿಯಂ ನೋಡಲು ಹೋಗುವವರಿಗೆ ಹಂತ ಹಂತದ ಮಾರ್ಗದರ್ಶಿ

ವಾಲ್ವ್ (ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಟ್ಯೂಬು) ಇರುವ ರೇಡಿಯೊ, ಟೇಪ್ ರೆಕಾರ್ಡರ್, ತಂತಿಯಲ್ಲಿ ಬಂದ ಸಂದೇಶವನ್ನು ಕಾಗದದ ಮೇಲೆ ಹೊಡೆಯುವ ಟೆಲಿಪ್ರಿಂಟರ್, ಮೊದಲ ತಲೆಮಾರಿನ ಮನೆ ಕಂಪ್ಯೂಟರುಗಳನ್ನು ಒಟ್ಟುಮಾಡಿ ಸ್ವಯಂಸೇವಕರೇ ನಡೆಸುವ ಸಣ್ಣ ಮ್ಯೂಸಿಯಂಗಳಿವೆ. ಅಲ್ಲಿಗೆ ಹೋಗಿ ಬಂದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಒಬ್ಬರು ಹೋದಾಗ ಬಾಗಿಲು ಮುಚ್ಚಿತ್ತು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದರು. ಇನ್ನೊಬ್ಬರು ಹೋದಾಗ ಬಾಗಿಲೇನೋ ತೆರೆದಿತ್ತು, ಯಂತ್ರಗಳೆಲ್ಲ ಬಂದ್ ಆಗಿದ್ದವು. ಮತ್ತೊಬ್ಬರು ಇಪ್ಪತ್ತೇ ನಿಮಿಷದಲ್ಲಿ ಎಲ್ಲವನ್ನೂ ನೋಡಿ ಮುಗಿಸಿ, ‘ಏನಿದೆ ಅಲ್ಲಿ, ಹಳೇ ಡಬ್ಬಗಳು’ ಎಂದರು.

ಮೂವರೂ ಎಡವಿದ್ದು ಒಂದೇ ಕಡೆ. ದೊಡ್ಡ ಮ್ಯೂಸಿಯಂ ನೋಡುವ ಹಾಗೆಯೇ ಇದನ್ನೂ ನೋಡಲು ಹೊರಟರು: ಟಿಕೆಟ್ ಕೊಂಡು, ಫಲಕ ಓದುತ್ತ, ಒಂದು ಗಾಜಿನ ಪೆಟ್ಟಿಗೆಯಿಂದ ಇನ್ನೊಂದಕ್ಕೆ. ಇಲ್ಲಿ ಫಲಕದ ಮೇಲೆ ಇರುವುದು ಕಡಿಮೆ. ಆ ಯಂತ್ರವನ್ನು ಬಿಚ್ಚಿ ಜೋಡಿಸಿದವರ ತಲೆಯಲ್ಲಿರುವುದು ಬಹಳ. ಅದಕ್ಕೆ ಕರೆಂಟು ಕೊಡುವವರೂ ಅವರೇ. ಹಾಗಾಗಿ ಆ ಮನುಷ್ಯರ ಬಿಡುವು ನೋಡಿಕೊಂಡು ಭೇಟಿಯನ್ನು ಹೊಂದಿಸಬೇಕು. ಕೆಳಗಿನ ಹಂತಗಳ ಕ್ರಮ ಅದಕ್ಕೆ ತಕ್ಕಂತಿದೆ, ಹಿಂದುಮುಂದು ಮಾಡಬೇಡಿ.

ಹಂತ 1: ತೆರೆದಿರುತ್ತದೆಯೇ ಎಂದು ಎರಡು ಸಲ ವಿಚಾರಿಸಿ

ಇವುಗಳಲ್ಲಿ ಹೆಚ್ಚಿನವು ವಾರಕ್ಕೆ ಒಂದೋ ಎರಡೋ ದಿನ, ಕೆಲವು ತಿಂಗಳಿಗೊಮ್ಮೆ ತೆರೆಯುತ್ತವೆ. ನಡೆಸುವವರಿಗೆ ಬೇರೆ ಉದ್ಯೋಗವಿರುತ್ತದೆ, ಸಂಸಾರವಿರುತ್ತದೆ, ಜ್ವರವೂ ಬರುತ್ತದೆ. ಕೀಲಿಕೈ ಇರುವವರು ಇಬ್ಬರೇ ಆಗಿದ್ದು, ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರಿಗೆ ಮೈ ಸರಿಯಿಲ್ಲ ಎಂದಾದರೆ ಅಂದು ಬಾಗಿಲು ತೆರೆಯುವುದಿಲ್ಲ.

ನಕ್ಷೆಯ ಆ್ಯಪ್ ತೋರಿಸುವ ಸಮಯವನ್ನು ನಂಬಿ ಹೊರಡಬೇಡಿ. ಯಾರೋ ಎಂದೋ ತುಂಬಿದ್ದು ಹಾಗೇ ಉಳಿದಿರುವುದುಂಟು. ಯೋಜನೆ ಹಾಕುವಾಗ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ, ಮ್ಯೂಸಿಯಂನವರಿಗೇ ಬರೆದು ಅಥವಾ ಫೋನ್ ಮಾಡಿ ಕೇಳಿ. ಎರಡನೆಯದನ್ನು ಬಿಟ್ಟವರೇ ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು.

‘ತೆರೆದಿದೆ’ ಮತ್ತು ‘ಯಂತ್ರಗಳು ಓಡುತ್ತವೆ’ ಎರಡೂ ಬೇರೆ ಬೇರೆ ಎಂಬುದು ನೆನಪಿರಲಿ. ಅಮೆರಿಕದ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಂಥ ದೊಡ್ಡ ಸಂಸ್ಥೆಯಲ್ಲೂ ಪಿಡಿಪಿ-1 ಮತ್ತು ಐಬಿಎಂ 1401 ಎಂಬ ಹಳೆಯ ಕಂಪ್ಯೂಟರುಗಳನ್ನು ದುರಸ್ತಿ ಮಾಡಿದವರು, ಓಡಿಸಿ ತೋರಿಸುವವರು ಸ್ವಯಂಸೇವಕರು. ಗೊತ್ತುಪಡಿಸಿದ ಹೊತ್ತಿನಲ್ಲಷ್ಟೇ ಪ್ರದರ್ಶನ. ಸಣ್ಣ ಜಾಗದಲ್ಲಿ ಅಂಥ ವೇಳಾಪಟ್ಟಿ ಇರುವುದೇ ಅಪರೂಪ. ಕೇಳಿಯೇ ತಿಳಿದುಕೊಳ್ಳಬೇಕು.

ಹಂತ 2: ಏನು ನೋಡಬೇಕೆಂದು ಮೊದಲೇ ಬರೆಯಿರಿ

ಒಂದು ಯಂತ್ರ ಒಬ್ಬರಿಗೆ ಮಾತ್ರ ಗೊತ್ತಿರುವುದು ಇಲ್ಲಿ ಮಾಮೂಲು. ಟೆಲಿಪ್ರಿಂಟರಿನ ಎಣ್ಣೆ, ಸ್ಪ್ರಿಂಗು ಬಲ್ಲವರಿಗೆ ಪಕ್ಕದ ಮಿನಿ ಕಂಪ್ಯೂಟರಿನ ಸ್ವಿಚ್ಚುಗಳು ತಿಳಿಯದಿರಬಹುದು. ನಿಮಗೆ ಬೇಕಾದುದನ್ನು ಬಲ್ಲವರು ಇರುವ ದಿನವೇ ಹೋಗಬೇಕು. ಸಂದೇಶ ಉದ್ದವಿರಬೇಕಾಗಿಲ್ಲ. ಇಷ್ಟು ಸಾಕು:

‘ನಮಸ್ಕಾರ. ಮುಂದಿನ ಶನಿವಾರ ಬೆಳಿಗ್ಗೆ ನಾವು ನಾಲ್ವರು ಬರಬೇಕೆಂದಿದ್ದೇವೆ, ಅವರಲ್ಲೊಬ್ಬಳು ಹತ್ತು ವರ್ಷದವಳು. ವಾಲ್ವ್ ರೇಡಿಯೊ ಮತ್ತು ಟೆಲಿಪ್ರಿಂಟರ್ ಓಡುವುದನ್ನು ನೋಡುವ ಆಸೆ. ಅವನ್ನು ನಡೆಸುವವರು ಅಂದು ಇರುತ್ತಾರೆಯೇ? ಇಲ್ಲದಿದ್ದರೆ ಅವರು ಬರುವ ದಿನವೇ ನಾವೂ ಬರುತ್ತೇವೆ. ಮೆಟ್ಟಿಲು ಹತ್ತುವುದಿದ್ದರೆ ತಿಳಿಸಿ, ನಮ್ಮಲ್ಲೊಬ್ಬರಿಗೆ ಮೊಣಕಾಲು ನೋವಿದೆ.’

ಎಷ್ಟು ಜನ, ಯಾವ ವಯಸ್ಸು, ಏನು ನೋಡಬೇಕು, ಏನು ತೊಂದರೆಯಿದೆ, ದಿನ ಬದಲಿಸಲು ಸಿದ್ಧರಿದ್ದೀರಾ ಎಲ್ಲವೂ ಇದರಲ್ಲಿ ಬಂತು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಬರುವವರಿದ್ದರೆ ಅದನ್ನು ತಪ್ಪದೆ ಬರೆಯಿರಿ. ಕೆಲವೆಡೆ ಕೃತಕ ಮಿಂಚು ಹುಟ್ಟಿಸುವ ಟೆಸ್ಲಾ ಕಾಯಿಲ್, ಕಿಡಿ ಹಾರಿಸುವ ಹಳೆಯ ಟ್ರಾನ್ಸ್‌ಮಿಟರ್ ತೋರಿಸುತ್ತಾರೆ. ಬಣ್ಣಗೆಟ್ಟ ಪರದೆ ಸರಿಪಡಿಸಲು ಪ್ರಬಲವಾದ ವಿದ್ಯುತ್ಕಾಂತದ ಕಾಯಿಲ್ ಬಳಸುತ್ತಾರೆ. ಇವುಗಳಿಂದ ಪೇಸ್‌ಮೇಕರ್ ಎಡವಬಹುದು. ಮಿನುಗುವ ಬೆಳಕಿಗೆ ಮೂರ್ಛೆ ಬರುವ ತೊಂದರೆ ಇರುವವರ ವಿಷಯವನ್ನೂ ತಿಳಿಸಿ, ಹಳೆಯ ಟಿವಿ, ಮಾನಿಟರುಗಳ ಗಾಜಿನ ಪಿಕ್ಚರ್ ಟ್ಯೂಬುಗಳು ಮಿನುಗುತ್ತವೆ.

ಉತ್ತರ ಎರಡು ಮೂರು ದಿನ ತಡವಾದರೆ ಬೇಸರಿಸಬೇಡಿ. ಪತ್ರ ನೋಡುವವರೂ ಪುಕ್ಕಟೆ ದುಡಿಯುವವರೇ.

ಇಲ್ಲಿ ಜನ ಮಾಡುವ ತಪ್ಪು, ಹೇಳದೆ ದೊಡ್ಡ ಗುಂಪು ಕಟ್ಟಿಕೊಂಡು ಹೋಗುವುದು. ಆರೇಳು ಜನ ನಿಂತರೆ ತುಂಬಿಹೋಗುವ ಕೋಣೆಗೆ ಒಂದು ತರಗತಿಯನ್ನೇ ಕರೆದೊಯ್ದರೆ ಹಿಂದೆ ನಿಂತವರಿಗೆ ಮುಂದಿನವರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗುಂಪು ದೊಡ್ಡದಿದ್ದರೆ ಎರಡು ಪಾಳಿ ಕೇಳಿ.

ಹಂತ 3: ಮೂರೇ ಯಂತ್ರ ಆರಿಸಿಕೊಂಡು ಸ್ವಲ್ಪ ಓದಿ ಹೋಗಿ

ಎಲ್ಲವನ್ನೂ ನೋಡುತ್ತೇನೆ ಎಂದು ಹೋದವರಿಗೆ ಮನೆಗೆ ಬಂದ ಮೇಲೆ ಒಂದೂ ನೆನಪಿರುವುದಿಲ್ಲ. ಮ್ಯೂಸಿಯಂನ ಪಟ್ಟಿ ಸಿಕ್ಕರೆ ಮೂರು ಆರಿಸಿ, ಪ್ರತಿಯೊಂದರ ಬಗ್ಗೆ ಒಂದು ಪುಟ ಓದಿ. ನೋಡಬೇಕಾದ್ದು ಏನೆಂದು ಗೊತ್ತಾಗುವಷ್ಟು ಸಾಕು.

1975ರ ಆಲ್ಟೇರ್ 8800 ಎಂಬ ಕಂಪ್ಯೂಟರನ್ನು ತೆಗೆದುಕೊಳ್ಳಿ. ಅದಕ್ಕೆ ತನ್ನದೇ ಪರದೆಯಿಲ್ಲ, ಕೀಬೋರ್ಡಿಲ್ಲ. ಮುಂಬದಿಯ ಸ್ವಿಚ್ಚುಗಳ ಸಾಲನ್ನು ಮೇಲೆ ಕೆಳಗೆ ಮಾಡಿ ಪ್ರೋಗ್ರಾಂ ಬರೆಯಬೇಕು, ಫಲಿತಾಂಶವನ್ನು ಕೆಂಪು ದೀಪಗಳಲ್ಲಿ ಓದಬೇಕು. ಇಷ್ಟು ತಿಳಿದು ಹೋದವರು ಸ್ವಿಚ್ಚಿನ ಮೇಲಿನ ಬೆರಳನ್ನು ನೋಡುತ್ತಾರೆ. ತಿಳಿಯದವರು ‘ಇದರ ಮಾನಿಟರ್ ಎಲ್ಲಿ?’ ಎಂದು ಕೇಳುತ್ತಾರೆ. ಅದನ್ನು ಕೇಳಿ ಕೇಳಿ ಅಲ್ಲಿನವರಿಗೆ ಸಾಕಾಗಿದೆ.

ಯಾವುದು ನಿಧಾನ ಎಂಬುದೂ ಓದಿದರೆ ಗೊತ್ತಾಗುತ್ತದೆ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನ ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್‌ನಲ್ಲಿ 1951ರ ಹಾರ್ವೆಲ್ ಡೆಕಟ್ರಾನ್ ಕಂಪ್ಯೂಟರ್ ಇದೆ, ದುರಸ್ತಿಯಾಗಿ 2012ರಲ್ಲಿ ಮತ್ತೆ ಓಡತೊಡಗಿತು. ಒಂದು ಗುಣಾಕಾರಕ್ಕೆ ಅದು ಐದರಿಂದ ಹತ್ತು ಸೆಕೆಂಡು ತೆಗೆದುಕೊಳ್ಳುತ್ತದೆ. ಆ ನಿಧಾನವನ್ನೇ ನೋಡಬೇಕು: ಡೆಕಟ್ರಾನ್ ಟ್ಯೂಬುಗಳಲ್ಲಿ ಕಿತ್ತಳೆ ಚುಕ್ಕೆ ಸುತ್ತುತ್ತ ಅಂಕಿಗಳನ್ನು ಎಣಿಸುವುದು ಕಣ್ಣಿಗೇ ಕಾಣುತ್ತದೆ. ಅವಸರದಲ್ಲಿ ದಾಟಿ ಹೋದವರಿಗೆ ಅದು ಮಿಣುಕುವ ಅಲಮಾರು.

ಹಂತ 4: ಚೀಲದಲ್ಲಿ ಏನಿರಬೇಕು, ಏನಿರಬಾರದು

ಒಂದು ಸಣ್ಣ ನೋಟ್‌ಪುಸ್ತಕ ಮತ್ತು ಪೆನ್ಸಿಲ್. ಪೆನ್ನು ಬೇಡ, ಹಳೆಯ ಸರ್ಕಿಟ್ ನಕ್ಷೆಗಳನ್ನು ಮುಂದಿಟ್ಟು ತೋರಿಸುವುದುಂಟು, ಅವುಗಳ ಮೇಲೆ ಶಾಯಿ ಬಿದ್ದರೆ ಹೋಗುವುದಿಲ್ಲ. ಸಣ್ಣ ಟಾರ್ಚ್, ಸಾಧ್ಯವಿದ್ದರೆ ಒಂದು ಭೂತಗನ್ನಡಿ. ಫೆರೈಟ್ ಎಂಬ ಕಾಂತೀಯ ವಸ್ತುವಿನ ಪುಟ್ಟ ಬಳೆಗಳನ್ನು ತಂತಿಗಳ ಜಾಲದಲ್ಲಿ ಪೋಣಿಸಿ ಮಾಡಿದ ಕೋರ್ ಮೆಮೊರಿಯನ್ನು (ಹಳೆಯ ಕಂಪ್ಯೂಟರಿನ ನೆನಪಿನ ಭಾಗ) ಬರಿಗಣ್ಣಿನಲ್ಲಿ ನೋಡಿದರೆ ಬಟ್ಟೆಯ ತುಂಡಿನಂತೆ ಕಾಣುತ್ತದೆ, ಭೂತಗನ್ನಡಿಯಲ್ಲಿ ಒಂದೊಂದು ಬಳೆಯೊಳಗೂ ಹಾದುಹೋದ ತಂತಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕೈಯಲ್ಲಿ ಸ್ವಲ್ಪ ಚಿಲ್ಲರೆ ನಗದು ಇರಲಿ, ಕಾರ್ಡ್ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಟೆಲಿಪ್ರಿಂಟರ್, ಲೈನ್ ಪ್ರಿಂಟರುಗಳ ಸದ್ದು ಜೋರು. ಸೂಕ್ಷ್ಮ ಕಿವಿಯವರು, ಪುಟ್ಟ ಮಕ್ಕಳು ಇದ್ದರೆ ಇಯರ್‌ಪ್ಲಗ್ ಒಯ್ಯಿರಿ.

ಬಿಟ್ಟು ಬರಬೇಕಾದವುಗಳಲ್ಲಿ ಮೊದಲನೆಯದು ಅಯಸ್ಕಾಂತ. ಫೋನಿನ ಕವರಿನಲ್ಲಿ, ಕೈಚೀಲದ ಗುಂಡಿಯಲ್ಲಿ, ಹೆಸರಿನ ಬ್ಯಾಡ್ಜಿನ ಹಿಂದೆ ಅದು ಇರುತ್ತದೆ, ನಮಗೆ ಅದರ ನೆನಪೇ ಇರುವುದಿಲ್ಲ. ಫ್ಲಾಪಿ, ಟೇಪುಗಳ ಮೇಲೆ ಅಂಥ ಚೀಲ ಇಟ್ಟರೆ ಅದರಲ್ಲಿರುವುದು ಅಳಿಸಿಹೋಗಬಹುದು. ಬಣ್ಣದ ಪಿಕ್ಚರ್ ಟ್ಯೂಬಿನ ಹತ್ತಿರ ತಂದರೆ ಒಳಗಿನ ಲೋಹದ ಜಾಲರಿಗೆ ಕಾಂತಗುಣ ಹತ್ತಿ ಪರದೆಯಲ್ಲಿ ಬಣ್ಣದ ಕಲೆ ನಿಲ್ಲುತ್ತದೆ. ನೀರಿನ ಬಾಟಲಿ ಬಾಗಿಲಲ್ಲೇ ಇರಲಿ. ಉದ್ದ ಸರ, ಸಡಿಲ ಬಳೆ, ಲೋಹದ ಪಟ್ಟಿಯ ವಾಚು ಹಾಕಿಕೊಂಡವರು ತೆರೆದಿಟ್ಟ ಯಂತ್ರದ ಮೇಲೆ ಬಾಗಬಾರದು. ಬೆನ್ನಿಗೆ ಹಾಕುವ ದೊಡ್ಡ ಚೀಲವನ್ನು ಎದೆಗೆ ಹಾಕಿಕೊಳ್ಳಿ ಅಥವಾ ಹೊರಗಿಡಿ. ಇಕ್ಕಟ್ಟಿನ ಕೋಣೆಯಲ್ಲಿ ತಿರುಗುವಾಗ ಹಿಂದಿನ ಮೇಜಿನ ವಾಲ್ವ್ ಬೀಳುವುದು ಇಂಥ ಚೀಲ ತಗುಲಿಯೇ.

ಮನೆಯ ಹಳೆಯ ಕ್ಯಾಸೆಟ್, ಫ್ಲಾಪಿ ಒಯ್ದು ಅವರ ಯಂತ್ರಕ್ಕೆ ಹಾಕಿಸುವ ಆಸೆ ಅನೇಕರಿಗೆ. ಕೇಳದೆ ಹಾಕಬೇಡಿ. ಬೂಷ್ಟು ಹಿಡಿದ ಫ್ಲಾಪಿಯ ಕೊಳೆ ಡ್ರೈವಿನ ಹೆಡ್ಡಿಗೆ ಅಂಟಿ, ಅದಾದ ಮೇಲೆ ಹಾಕುವ ಮ್ಯೂಸಿಯಂನ ಒಳ್ಳೆಯ ಫ್ಲಾಪಿಗಳನ್ನೂ ಗೀರಿ ಹಾಕುತ್ತದೆ. ಕೆಲವು ಕಾಲದ ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿರುತ್ತದೆ. ಓಡಿಸಿದರೆ ಟೇಪಿನ ಲೇಪ ಕಿತ್ತು ಹೆಡ್ಡಿಗೆ ಮೆತ್ತಿಕೊಂಡು ಎರಡೂ ಹಾಳು.

ಹಂತ 5: ಒಳಗೆ ಕಾಲಿಟ್ಟ ಮೊದಲ ಹತ್ತು ನಿಮಿಷ

ನೇರವಾಗಿ ಪ್ರದರ್ಶನಕ್ಕೆ ನುಗ್ಗಬೇಡಿ. ಬಾಗಿಲಲ್ಲಿರುವವರಿಗೆ ಹೆಸರು ಹೇಳಿ, ಬರೆದಿದ್ದು ನೆನಪಿಸಿ, ಮೂರು ವಿಷಯ ಕೇಳಿ: ಇವತ್ತು ಯಾವುವು ಓಡುತ್ತವೆ, ಅವುಗಳಲ್ಲಿ ಯಾವುದಕ್ಕೆ ಬಿಸಿಯಾಗಲು ಸಮಯ ಬೇಕು, ಯಾವುದನ್ನು ನಾವು ಮುಟ್ಟಬಹುದು.

ನನ್ನ ಅನುಭವದಲ್ಲಿ ಇಡೀ ಭೇಟಿ ಎರಡನೆಯ ಪ್ರಶ್ನೆಯ ಮೇಲೆ ನಿಂತಿದೆ. ವಾಲ್ವ್ ರೇಡಿಯೊ ಅರ್ಧ ನಿಮಿಷದಲ್ಲಿ ದನಿ ಕೊಡುತ್ತದೆ. ಹಳೆಯ ಅಳತೆ ಉಪಕರಣಗಳು ನೆಟ್ಟಗೆ ನಿಲ್ಲಲು ಅರ್ಧ ಗಂಟೆಯೂ ಹಿಡಿಯಬಹುದು. ದೊಡ್ಡ ಡಿಸ್ಕ್ ಡ್ರೈವುಗಳು ವೇಗ ಹಿಡಿಯಲು ಹೊತ್ತು ಬೇಕು. ನಿಧಾನದ್ದಕ್ಕೆ ಮೊದಲು ಕರೆಂಟು ಹಾಕಿಸಿ, ಅದು ಬಿಸಿಯಾಗುವಷ್ಟರಲ್ಲಿ ಬೇಗದ್ದನ್ನು ನೋಡಿ ಬರಬೇಕು. ಕ್ರಮ ತಪ್ಪಿದರೆ ಹೊರಡುವ ಹೊತ್ತಿಗೆ ನೀವು ನೋಡಬೇಕೆಂದಿದ್ದ ಯಂತ್ರ ಆಗಷ್ಟೇ ಎಚ್ಚರವಾಗುತ್ತಿರುತ್ತದೆ.

ಮಕ್ಕಳಿದ್ದರೆ ಈಗಲೇ, ಎಲ್ಲರೆದುರು, ಯಾವುದನ್ನು ಮುಟ್ಟಬಹುದು ಎಂಬುದನ್ನು ಅಲ್ಲಿನವರಿಂದಲೇ ಹೇಳಿಸಿ. ಅಪ್ಪ ಅಮ್ಮ ಹೇಳಿದ್ದಕ್ಕಿಂತ ಅದಕ್ಕೆ ತೂಕ ಹೆಚ್ಚು. ತುರ್ತಿನಲ್ಲಿ ಎಲ್ಲ ಕರೆಂಟು ಕಡಿಯುವ ಕೆಂಪು ಗುಂಡಿ ಎಲ್ಲಿದೆ, ಹೊರಹೋಗುವ ಬಾಗಿಲು ಯಾವುದು ಎಂದೂ ನೋಡಿಟ್ಟುಕೊಳ್ಳಿ.

ಹಂತ 6: ಕೈ ಎಲ್ಲಿಡಬೇಕು, ಎಲ್ಲಿಡಬಾರದು

ಮುಟ್ಟಬೇಡಿ ಎಂಬ ಫಲಕ ಇಲ್ಲವೆಂದರೆ ಮುಟ್ಟಬಹುದು ಎಂದು ಅರ್ಥವಲ್ಲ. ಫಲಕ ಬರೆಯಲು ಯಾರಿಗೂ ಪುರುಸೊತ್ತಾಗಿಲ್ಲ ಎಂದಷ್ಟೇ ಅರ್ಥ.

ಆಫ್ ಆಗಿರುವ ಯಂತ್ರದ ಸ್ವಿಚ್ಚು ಹಾಕುವುದು ಇಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ‘ಒಂದು ಸಲ ಹಾಕಿ ನೋಡಿದರೇನಂತೆ’ ಎನಿಸುತ್ತದೆ. ವರ್ಷಗಟ್ಟಲೆ ಸುಮ್ಮನೆ ಕೂತ ರೇಡಿಯೊದೊಳಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ (ವಿದ್ಯುತ್ ಚಾರ್ಜನ್ನು ಹಿಡಿದಿಡುವ ಬಿಡಿಭಾಗಗಳ) ನಿರೋಧಕ ಪದರ ತೆಳುವಾಗಿರುತ್ತದೆ, ಕಾಗದ-ಮೇಣದ ಕೆಪಾಸಿಟರುಗಳು ಸೋರುತ್ತಿರುತ್ತವೆ, ರಬ್ಬರ್ ಹೊದಿಕೆಯ ತಂತಿಗಳು ಪುಡಿಯಾಗಿರುತ್ತವೆ. ಪೂರ್ತಿ ವೋಲ್ಟೇಜು ಒಮ್ಮೆಲೇ ನುಗ್ಗಿದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ಬಲ್ಲವರು ಅಂಥದ್ದನ್ನು ಬಿಚ್ಚಿ ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿ, ಸರಣಿಯಲ್ಲಿ ಒಂದು ಬಲ್ಬು ಸೇರಿಸಿ ಅಥವಾ ವೋಲ್ಟೇಜು ಹೆಚ್ಚುಕಡಿಮೆ ಮಾಡುವ ವೇರಿಯಾಕ್‌ನಿಂದ ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಆ ಕೆಲಸ ಇನ್ನೂ ಆಗದ ಯಂತ್ರವೇ ಆಫ್ ಆಗಿ ಕೂತಿರುವುದು.

ಮುಂದಿನದು ಪ್ರಾಣದ ಪ್ರಶ್ನೆ. ಟ್ರಾನ್ಸ್‌ಫಾರ್ಮರ್ ಇಲ್ಲದ, ಎಸಿಗೂ ಡಿಸಿಗೂ ನಡೆಯುವ ಹಳೆಯ ವಾಲ್ವ್ ಸೆಟ್ಟುಗಳಲ್ಲಿ ಲೋಹದ ಚಾಸಿಯನ್ನು (ಒಳಗಿನ ಚೌಕಟ್ಟನ್ನು) ಮೇನ್ಸ್‌ನ ಒಂದು ತಂತಿಗೇ ಜೋಡಿಸಿರುತ್ತಾರೆ. ಪ್ಲಗ್ಗನ್ನು ಒಂದು ದಿಕ್ಕಿನಲ್ಲಿ ಚುಚ್ಚಿದರೆ ಇಡೀ ಚಾಸಿ ಫೇಸ್ ಆಗುತ್ತದೆ. ನಾಬ್ ಕಳಚಿಹೋದ ಲೋಹದ ಕಡ್ಡಿ, ನಾಬಿನ ಬದಿಯ ಪುಟ್ಟ ತಿರುಪು, ಹಿಂದಿನ ರಟ್ಟು ಬಿದ್ದುಹೋದ ಜಾಗ, ಇವಕ್ಕೆ ಬೆರಳು ತಗುಲಿದರೆ ಶಾಕ್. ನಾಬ್ ಇಲ್ಲದ ರೇಡಿಯೊ ತಿರುಗಿಸಲು ಹೋಗಲೇಬೇಡಿ.

ಪಿಕ್ಚರ್ ಟ್ಯೂಬ್ ತೆರೆದಿಟ್ಟಿದ್ದರೆ ತೋಳಿನಷ್ಟು ದೂರ ನಿಲ್ಲಿ. ಬಣ್ಣದ ಟ್ಯೂಬಿನ ಆನೋಡಿನಲ್ಲಿ 20ರಿಂದ 30 ಸಾವಿರ ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಆ ಚಾರ್ಜ್ ಬಹಳ ಹೊತ್ತು ಉಳಿಯಬಲ್ಲದು. ಒಳಗೆ ನಿರ್ವಾತವಿರುವುದರಿಂದ ಕತ್ತಿನ ಗಾಜು ಮುರಿದರೆ ಚೂರುಗಳು ಸಿಡಿಯುವ ಅಪಾಯವೂ ಇದೆ. ಕಿತ್ತಳೆ ಬಣ್ಣದಲ್ಲಿ ಅಂಕಿ ತೋರಿಸುವ ನಿಕ್ಸಿ ಟ್ಯೂಬುಗಳು ಮುದ್ದಾಗಿ ಕಾಣುತ್ತವೆ, ಅವೂ ಸುಮಾರು 170 ವೋಲ್ಟ್‌ನಲ್ಲಿ ಉರಿಯುವಂಥವು. ಓಡುತ್ತಿರುವ ಪವರ್ ವಾಲ್ವಿನ ಗಾಜು ಮುಟ್ಟಿದರೆ ಬೊಬ್ಬೆ ಏಳುತ್ತದೆ.

ಹಸಿರು ಮಿಶ್ರಿತ ಹಳದಿ ಅಂಕಿಗಳ ಹಳೆಯ ವಿಮಾನ, ಸೇನೆಯ ಮೀಟರುಗಳಲ್ಲಿ ರೇಡಿಯಂ ಬಣ್ಣ ಇರಬಹುದು. ಗಾಜು ಮುಚ್ಚಿರುವಾಗ ದೂರದಿಂದ ನೋಡಲು ಅಡ್ಡಿಯಿಲ್ಲ. ಒಡೆದಿದ್ದರೆ ಮುಟ್ಟಬೇಡಿ, ಆ ಪುಡಿ ಉಸಿರಿಗೆ, ಬೆರಳಿಗೆ ಅಂಟಬಾರದು.

ನಿಮಗೆ ಅಪಾಯವಿಲ್ಲದೆ ಯಂತ್ರಕ್ಕೆ ಮಾತ್ರ ಅಪಾಯವಿರುವ ಜಾಗಗಳೂ ಇವೆ. ರೇಡಿಯೊದ ಡಯಲ್ ಕೊನೆ ಮುಟ್ಟಿದ ಮೇಲೂ ತಿರುಗಿಸಿದರೆ ಒಳಗಿನ ದಾರ ಜಾರುತ್ತದೆ ಅಥವಾ ಕಡಿಯುತ್ತದೆ. ಅದನ್ನು ಮತ್ತೆ ಸುತ್ತುವುದು ತಾಳ್ಮೆ ಪರೀಕ್ಷಿಸುವ ಕೆಲಸ. ಬಯಲಾದ ಸರ್ಕಿಟ್ ಹಲಗೆಯನ್ನು ಕೈಗೆ ಕೊಟ್ಟರೆ ಅಂಚು ಹಿಡಿಯಿರಿ, ಚಿಪ್ಪಿನ ಕಾಲುಗಳಿಗೆ ಬೆರಳು ಬೇಡ, ಮೈಯಲ್ಲಿನ ಸ್ಥಿರ ವಿದ್ಯುತ್ತಿನಿಂದ ಚಿಪ್ಪು ಸಾಯುತ್ತದೆ. ಹಳೆಯ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ. ಮುಚ್ಚಳಗಳನ್ನು ಅವರೇ ತೆಗೆಯಲಿ.

ಹಂತ 7: ಓಡುವ ಯಂತ್ರದ ಮುಂದೆ ಕೂರುವಾಗ

ಕೂರಿ ಎಂದರೆ ಮಾತ್ರ ಕೂರಿ. ಮೊದಲು ಅವರು ಒಮ್ಮೆ ಮಾಡಿ ತೋರಿಸಲಿ, ಆಮೇಲೆ ನೀವು.

1982ರ ಮನೆ ಕಂಪ್ಯೂಟರ್ ಕಮಡೋರ್ 64 ಹಚ್ಚಿದರೆ ನೀಲಿ ಪರದೆ ಬಂದು, 38911 ಬೈಟ್ ಖಾಲಿಯಿದೆ ಎಂದು ಹೇಳಿ ಸುಮ್ಮನಾಗುತ್ತದೆ. ಕೆಟ್ಟಿದೆಯೆಂದು ಭಾವಿಸಿ ಗುಂಡಿಗಳನ್ನೆಲ್ಲ ಒತ್ತುವವರಿದ್ದಾರೆ. ಅದು ನಿಮ್ಮ ಆಜ್ಞೆಗೆ ಕಾಯುತ್ತಿದೆ, ಅಷ್ಟೇ. ಅದರ ಫ್ಲಾಪಿ ಡ್ರೈವ್ ನಿಧಾನ, ದೊಡ್ಡ ಆಟವೊಂದು ತುಂಬಲು ಎರಡು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ. ಅದೇ ವರ್ಷದ ಇನ್ನೊಂದು ಮನೆ ಕಂಪ್ಯೂಟರ್ ಝಡ್‌ಎಕ್ಸ್ ಸ್ಪೆಕ್ಟ್ರಂನಲ್ಲಿ ‘ಜೆ’ ಕೀಲಿ ಒತ್ತಿದರೆ ಜೆ ಅಕ್ಷರ ಬರುವುದಿಲ್ಲ, ‘ಲೋಡ್’ ಎಂಬ ಇಡೀ ಪದವೇ ಬರುತ್ತದೆ. 48ಕೆ ಪ್ರೋಗ್ರಾಂ ಕ್ಯಾಸೆಟ್ಟಿನಿಂದ ತುಂಬಲು ಸುಮಾರು ಐದು ನಿಮಿಷ. ಆ ಕೀರಲು ಸದ್ದು, ಪರದೆಯ ಅಂಚಿನ ಬಣ್ಣದ ಪಟ್ಟೆಗಳು ಎಲ್ಲವೂ ಸರಿಯಾಗಿ ನಡೆಯುತ್ತಿರುವುದರ ಗುರುತು. ನಡುವೆ ಮೇಜು ಅಲ್ಲಾಡಿಸಿದರೆ, ದನಿ ಜೋರಾಯಿತೆಂದು ಟೇಪ್ ರೆಕಾರ್ಡರಿನ ವಾಲ್ಯೂಮ್ ತಿರುಗಿಸಿದರೆ ಮೊದಲಿನಿಂದ ಶುರು.

ಟೆಲಿಟೈಪ್ ಮಾಡೆಲ್ 33 ಎಂಬ ಟೆಲಿಪ್ರಿಂಟರ್ ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತದೆ, ಅದಕ್ಕಿಂತ ಬೇಗ ಟೈಪ್ ಮಾಡಿ ಪ್ರಯೋಜನವಿಲ್ಲ. ಅದರ ಕೀಲಿ ಆಳಕ್ಕೆ ಇಳಿಯುತ್ತದೆ, ಒಂದೊಂದನ್ನೇ ಪೂರ್ತಿ ಒತ್ತಿ ಬಿಡಬೇಕು. ಫೋನಿನ ಪರದೆಯ ಅಭ್ಯಾಸವಿರುವ ಮಕ್ಕಳು ಮೇಲೆಮೇಲೆ ಸವರಿ ‘ಕೆಲಸ ಮಾಡಲ್ಲ’ ಎನ್ನುತ್ತಾರೆ.

ಏನಾದರೂ ಸಿಕ್ಕಿಹಾಕಿಕೊಂಡರೆ ಆಫ್ ಮಾಡಿ ಆನ್ ಮಾಡುವ ಅಭ್ಯಾಸವನ್ನು ಇಲ್ಲಿ ಬಿಡಿ. ಹಳೆಯ ಯಂತ್ರಕ್ಕೆ ಹೆಚ್ಚು ಪೆಟ್ಟು ಬೀಳುವುದೇ ಸ್ವಿಚ್ಚು ಹಾಕುವ ಕ್ಷಣದಲ್ಲಿ. ಕೈ ತೆಗೆದು ಕರೆಯಿರಿ.

ರೇಡಿಯೊ ಕೋಣೆಯಲ್ಲಿ ಮೋರ್ಸ್ ಕೀಲಿ ಕಂಡರೆ, ಅದು ಬರೀ ಬಝರಿಗೆ ಜೋಡಿಸಿದ್ದೋ ನಿಜವಾದ ಟ್ರಾನ್ಸ್‌ಮಿಟರಿಗೋ ಎಂದು ಕೇಳಿಕೊಳ್ಳಿ. ಹ್ಯಾಮ್ (ಹವ್ಯಾಸಿ) ರೇಡಿಯೊದಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಬೇಕು. ನೀವು ತಮಾಷೆಗೆ ಒತ್ತಿದರೆ ಉತ್ತರ ಹೇಳಬೇಕಾದವರು ಅವರು.

ಹಂತ 8: ಯಾವುದು ಸಹಜ, ಯಾವುದು ಅಪಾಯ

ಹಳೆಯ ಯಂತ್ರಗಳು ಸದ್ದು ಮಾಡುತ್ತವೆ, ವಾಸನೆ ಬೀರುತ್ತವೆ, ಬಿಸಿಯಾಗುತ್ತವೆ. ಎಲ್ಲಕ್ಕೂ ಹೆದರಿದರೆ ನೋಡಲಾಗದು, ಏನಕ್ಕೂ ಹೆದರದಿದ್ದರೆ ಅನಾಹುತ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಿಸಿಯಾದ ಧೂಳಿನ ಸಣ್ಣ ವಾಸನೆ ಮೊದಲ ಕೆಲವು ನಿಮಿಷ ಬಂದು ಹೋದರೆ ಸಹಜ. ಹೆಚ್ಚುತ್ತ ಹೋದರೆ ಸಹಜವಲ್ಲ. ಹಳೆಯ ಟಿವಿಯ ಸಣ್ಣ ಕೀರಲು ಮಕ್ಕಳಿಗೆ ಕೇಳುತ್ತದೆ, ವಯಸ್ಸಾದವರಿಗೆ ಕೇಳುವುದಿಲ್ಲ. ಅದು 15 ಕಿಲೋಹರ್ಟ್ಸ್‌ಗಿಂತ ತುಸು ಮೇಲಿನ ಸದ್ದು, ದೋಷವಲ್ಲ. ಮಗು ಕಿವಿ ಮುಚ್ಚಿಕೊಂಡರೆ ಸುಳ್ಳೆನ್ನಬೇಡಿ, ದೂರ ಕರೆದೊಯ್ಯಿರಿ. ಪಾದರಸದ ಆವಿಯಿರುವ ರೆಕ್ಟಿಫಯರ್ (ಎಸಿಯನ್ನು ಡಿಸಿ ಮಾಡುವ) ಟ್ಯೂಬು ನೀಲಿಯಾಗಿ ಹೊಳೆಯುವುದೂ ಸಹಜ.

ಇನ್ನು ಅಪಾಯದವು. ರೇಡಿಯೊದ ಗುಂಯ್ ಎನ್ನುವ ಸದ್ದು ಇದ್ದಕ್ಕಿದ್ದಂತೆ ಏರಿದರೆ ಫಿಲ್ಟರ್ ಕೆಪಾಸಿಟರ್ ಸೋಲುತ್ತಿದೆ. ವಾಲ್ವಿನೊಳಗಿನ ಲೋಹದ ತಗಡೇ ಕೆಂಪಗೆ ಕಾದರೆ ಮಿತಿಮೀರಿ ಕರೆಂಟು ಹರಿಯುತ್ತಿದೆ; ನಡುವಿನ ಫಿಲಮೆಂಟ್ ಕೆಂಪಗಿರುವುದು ಬೇರೆ, ಹೊರಗಿನ ತಗಡು ಕೆಂಪಾಗುವುದು ಬೇರೆ. ಗಾಜಿನ ಒಳಗಿನ ಬೆಳ್ಳಿಯಂಥ ಮಚ್ಚೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಸೇರಿದೆ, ಆ ವಾಲ್ವ್ ಸತ್ತಿದೆ. ಪಟ್ ಎಂದು ಸಿಡಿದು ಬಿಳಿ ಹೊಗೆ ಬಂದರೆ ಹೆಚ್ಚಾಗಿ ಪವರ್ ಸಪ್ಲೈಯ ಕಾಗದ-ಪದರದ ಕೆಪಾಸಿಟರ್; ಎಂಬತ್ತರ ದಶಕದ ಮನೆ ಕಂಪ್ಯೂಟರುಗಳಲ್ಲಿ ಇದು ಮಾಮೂಲು, ಹೊಗೆ ಘಾಟು, ಗಂಟಲು ಕೆರೆಯುತ್ತದೆ. ಕೊಳೆತ ಮೂಲಂಗಿಯ ನಾತ ಬಂದರೆ ಸೆಲೆನಿಯಂ ರೆಕ್ಟಿಫಯರ್ ಸುಡುತ್ತಿದೆ ಎಂದು ತಿಳಿದು, ಮೂಗು ಮುಚ್ಚಿ ಕೂಡಲೇ ಹೊರನಡೆಯಿರಿ. ಆ ಹೊಗೆ ವಿಷ.

ಇಂಥದ್ದು ಕಂಡಾಗ ಮಾಡಬೇಕಾದ್ದು: ಹಿಂದೆ ಸರಿಯಿರಿ, ಗಟ್ಟಿಯಾಗಿ ‘ಹೊಗೆ’ ಎಂದು ಕೂಗಿ, ಯಾವ ಯಂತ್ರವೆಂದು ಕೈ ತೋರಿಸಿ. ನೀವೇ ಪ್ಲಗ್ ಎಳೆಯಲು ನುಗ್ಗಬೇಡಿ, ನೀರಂತೂ ಎರಚಲೇಬೇಡಿ. ಸಂಕೋಚದಿಂದ ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟದ್ದು. ಸುಳ್ಳು ಎಚ್ಚರಿಕೆಗೆ ಅಲ್ಲಿ ಯಾರೂ ನಗುವುದಿಲ್ಲ, ಅವರ ಮೂಗೂ ಅದೇ ವಾಸನೆಗೆ ಕಾದಿರುತ್ತದೆ.

ಹಂತ 9: ಫೋಟೊ, ವಿಡಿಯೊ

ಅನುಮತಿ ಕೇಳಿ, ಸ್ವಯಂಸೇವಕರ ಮುಖ ಬರುವುದಾದರೆ ಅವರನ್ನೂ ಕೇಳಿ.

ಫ್ಲಾಶ್ ಬೇಡ. ಗಾಜಿನ ಕಿಟಕಿಯಿರುವ ಇಪ್ರಾಮ್ ಎಂಬ ಮೆಮೊರಿ ಚಿಪ್ಪುಗಳಲ್ಲಿನ ಮಾಹಿತಿ ಅಳಿಸುವುದೇ ನೇರಳಾತೀತ ಬೆಳಕಿನಿಂದ. ಕಿಟಕಿ ಮುಚ್ಚದೆ ನೇರ ಬಿಸಿಲಿನಲ್ಲಿಟ್ಟರೆ ಸುಮಾರು ಒಂದು ವಾರದಲ್ಲಿ ಅಳಿಸಿಹೋಗಬಹುದು. ಒಂದು ಫ್ಲಾಶಿಗೆ ಅಳಿಸುವುದಿಲ್ಲ, ಓಡುತ್ತಿರುವ ಯಂತ್ರ ಆ ಕ್ಷಣಕ್ಕೆ ಎಡವಿ ನಿಲ್ಲಬಹುದು. 2015ರಲ್ಲಿ ಬಂದ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 2 ಕೂಡ ಹೊಸತರಲ್ಲಿ ಝೆನಾನ್ ಫ್ಲಾಶ್ ಹೊಡೆದರೆ ಆಫ್ ಆಗುತ್ತಿತ್ತು. ಬೆಳಕಿಗೆ ಬೆದರುವುದು ಹಳೆಯವು ಮಾತ್ರ ಎಂದೇನಿಲ್ಲ.

ಪರದೆಯ ಫೋಟೊದಲ್ಲಿ ಕಪ್ಪು ಪಟ್ಟೆ ಬರುತ್ತದೆ ಎಂಬುದು ಎಲ್ಲರ ಗೋಳು. ಪಿಕ್ಚರ್ ಟ್ಯೂಬು ಚಿತ್ರವನ್ನು ಗೆರೆಗೆರೆಯಾಗಿ ಬರೆಯುತ್ತದೆ; ಬರೆದು ಮುಗಿಯುವ ಮೊದಲೇ ಕ್ಯಾಮೆರಾ ಕಣ್ಣು ಮುಚ್ಚಿದರೆ ಉಳಿದ ಭಾಗ ಕಪ್ಪು. ಫೋನಿನ ಪ್ರೊ ಮೋಡಿಗೆ ಹೋಗಿ, ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಯಂತ್ರವಾದರೆ ಶಟರನ್ನು 1/50 ಅಥವಾ 1/25ಕ್ಕೆ, ಅಮೆರಿಕ, ಜಪಾನುಗಳ ಪದ್ಧತಿಯಾದ ಎನ್‌ಟಿಎಸ್‌ಸಿ ಯಂತ್ರವಾದರೆ 1/60 ಅಥವಾ 1/30ಕ್ಕೆ ಇಡಿ. ವಿಡಿಯೊಗೆ ಫ್ರೇಮ್ ವೇಗವೂ ಅದಕ್ಕೆ ಹೊಂದಬೇಕು, 25 ಅಥವಾ 30. ಹಳೆಯ ಪಿಸಿಯ ವಿಜಿಎ ಅಕ್ಷರ ಪರದೆ ಸೆಕೆಂಡಿಗೆ 70 ಸಲ ಬರೆಯುತ್ತದೆ (70 ಹರ್ಟ್ಸ್), ಅದರೊಂದಿಗೆ ಇವು ಯಾವುವೂ ಸರಿಹೊಂದುವುದಿಲ್ಲ. ಶಟರ್ ಇನ್ನೂ ನಿಧಾನ ಮಾಡಿ, ಫೋನನ್ನು ಯಾವುದಕ್ಕಾದರೂ ಆನಿಸಿ. ಗಾಜಿನ ಪ್ರತಿಫಲನ ತಪ್ಪಿಸಲು ತುಸು ಓರೆಯಾಗಿ ನಿಲ್ಲಿ.

ಚಿತ್ರಕ್ಕಿಂತ ಧ್ವನಿ ಮುದ್ರಿಸಿಕೊಳ್ಳುವುದು ಹೆಚ್ಚು ಉಪಯೋಗ ಎಂದು ನನ್ನ ಅಭಿಪ್ರಾಯ. ಯಂತ್ರದ ಫೋಟೊ ಎಲ್ಲಾದರೂ ಸಿಗುತ್ತದೆ, ಆ ನಿರ್ದಿಷ್ಟ ಯಂತ್ರ ಯಾಕೆ ಕೆಟ್ಟಿತ್ತು, ಹೇಗೆ ಎದ್ದಿತು ಎಂದು ಅದನ್ನು ಎಬ್ಬಿಸಿದವರು ಹೇಳಿದ್ದು ಬೇರೆಲ್ಲೂ ಸಿಗುವುದಿಲ್ಲ.

ಹಂತ 10: ಏನು ಕೇಳಬೇಕು

‘ಇದರ ಬೆಲೆ ಎಷ್ಟಾಗುತ್ತೆ?’, ‘ನಮ್ಮ ಅಜ್ಜನ ರೇಡಿಯೊ ಮಾರಿದರೆ ಎಷ್ಟು ಸಿಗುತ್ತೆ?’ ಎಂಬವನ್ನು ಬಿಡಿ. ಅವರಿಗೆ ಗೊತ್ತಿದ್ದರೂ ಹೇಳಲು ಹಿಂಜರಿಯುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಇವನ್ನು ಕೇಳಿ: ಇದು ನಿಮ್ಮ ಕೈಗೆ ಬಂದಾಗ ಯಾವ ಸ್ಥಿತಿಯಲ್ಲಿತ್ತು? ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಯಾವ ಭಾಗ ಮೂಲದ್ದು, ಯಾವುದು ಹೊಸದು? ಬಿಡಿಭಾಗ ಎಲ್ಲಿಂದ ತಂದಿರಿ? ಮುಚ್ಚಳ ತೆಗೆದು ಒಳಗೆ ತೋರಿಸಲಾಗುತ್ತದೆಯೇ? ಕೊನೆಯ ಪ್ರಶ್ನೆಗೆ ಹೌದು ಎಂದರೆ ಅಂದಿನ ಭೇಟಿ ಗೆದ್ದಂತೆ.

ಒಬ್ಬರು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಮ್ಮೊಂದಿಗೇ ಇದ್ದು, ಹಿಂದೆ ಬೇರೆಯವರು ಕಾಯುತ್ತಿದ್ದರೆ ನೀವೇ ದಾರಿ ಬಿಡಿ. ಫಲಕದಲ್ಲಿ ಇಸವಿಯೋ ಹೆಸರೋ ತಪ್ಪಿದೆ ಎನಿಸಿದರೆ ಎಲ್ಲರೆದುರು ಸಾರಬೇಡಿ. ಬರೆದುಕೊಂಡು, ಹೊರಡುವಾಗ ತೋರಿಸಿ. ಎಷ್ಟೋ ಸಲ ಅವರಿಗೂ ಅದು ಗೊತ್ತಿರುತ್ತದೆ, ಹೊಸ ಫಲಕ ಅಚ್ಚಾಗಿ ಬರುವುದು ಬಾಕಿಯಿರುತ್ತದೆ.

ಹಂತ 11: ಹೊರಡುವಾಗ, ಮತ್ತು ವಸ್ತು ಕೊಡುವುದಿದ್ದರೆ

ಮುಚ್ಚುವ ಸಮಯಕ್ಕೆ ಕಾಲು ಗಂಟೆ ಮೊದಲೇ ಮುಗಿಸಿ. ಯಂತ್ರಗಳನ್ನು ಕ್ರಮವಾಗಿ ನಿಲ್ಲಿಸಲು, ತಣಿಯಲು ಬಿಡಲು ಅವರಿಗೆ ಹೊತ್ತು ಬೇಕು. ಪ್ರವೇಶ ಉಚಿತವಿದ್ದರೆ ಕಾಣಿಕೆ ಡಬ್ಬಿಯತ್ತ ನೋಡದೆ ಹೋಗಬೇಡಿ. ಬಾಡಿಗೆ, ವಿದ್ಯುತ್ ಬಿಲ್ಲು, ಬಿಡಿಭಾಗ ಎಲ್ಲ ಅದರಿಂದಲೇ. ನಿಮಗೆ ಬೆಸುಗೆ ಹಾಕಲು, ಮರಗೆಲಸ ಮಾಡಲು, ಹಳೆಯ ಕೈಪಿಡಿ ಸ್ಕ್ಯಾನ್ ಮಾಡಲು ಬಂದರೆ ಹೇಳಿ ಬನ್ನಿ.

ಮನೆಯ ಅಟ್ಟದ ಹಳೆಯ ಸೆಟ್ಟನ್ನು ಕೊಡುವ ಮನಸ್ಸಿದ್ದರೆ ಮೊದಲ ಭೇಟಿಯಲ್ಲೇ ಹೊತ್ತುಕೊಂಡು ಹೋಗಬೇಡಿ. ಅವರ ಬಳಿ ಜಾಗವೇ ಇರುವುದಿಲ್ಲ, ಅದೇ ಮಾದರಿ ಆಗಲೇ ಎರಡು ಮೂರು ಇರುತ್ತವೆ, ಬಾಗಿಲಿಗೆ ತಂದಿದ್ದನ್ನು ಬೇಡ ಎನ್ನಲು ನಾಲಿಗೆ ಬರುವುದಿಲ್ಲ. ತಯಾರಕರ ಹೆಸರು, ಮಾದರಿ ಸಂಖ್ಯೆ, ಮುಂದಿನ ಮತ್ತು ಹಿಂದಿನ ಫೋಟೊ ಕಳಿಸಿ, ಉತ್ತರಕ್ಕೆ ಕಾಯಿರಿ. ಜೊತೆಗೆ ಬಂದ ಕೈಪಿಡಿ, ಬಿಲ್ಲು, ವಾರಂಟಿ ಚೀಟಿ ಇದ್ದರೆ ಅವನ್ನೂ ತಿಳಿಸಿ. ಕೆಲವೊಮ್ಮೆ ಸೆಟ್ಟಿಗಿಂತ ಕೈಪಿಡಿಯೇ ಅವರಿಗೆ ಹೆಚ್ಚು ಬೇಕಾಗಿರುತ್ತದೆ. ಒಳಗೆ ಬ್ಯಾಟರಿ ಸೆಲ್ ಇದ್ದರೆ ತೆಗೆಯಿರಿ, ಸೋರಿ ಹಸಿರು ಹಿಡಿದಿದ್ದರೆ ಬರಿಗೈಯಲ್ಲಿ ಕೆರೆಯಬೇಡಿ, ಹಾಗೇ ಫೋಟೊ ಕಳಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಥಳಥಳ ಮಾಡಲು ಹೋದರೆ ಡಯಲ್ ಗಾಜಿನ ಮೇಲಿನ ಅಕ್ಷರಗಳೇ ಅಳಿಸಿಹೋಗುತ್ತವೆ, ಧೂಳಿನೊಂದಿಗೇ ಕೊಡಿ. ‘ಓಡುತ್ತದೆಯೇ?’ ಎಂದು ಅವರು ಕೇಳಿದರೆ ‘ಪ್ಲಗ್ ಹಾಕಿ ನೋಡಿಲ್ಲ’ ಎಂದು ಉತ್ತರಿಸುವಂತಿರಲಿ.